ಮರದ ತೊಗಟೆಯ ನಾರು: ಪದೇ ಪದೇ ಕೇಳುವ ಪ್ರಶ್ನೆಗಳು

ತೊಗಟೆಯ ನಾರಿನ ಮಾತು ಬಂದಾಗಲೆಲ್ಲ ಎರಡು ಬಗೆಯ ಜನ ಸಿಗುತ್ತಾರೆ. ಹಗ್ಗ, ಬಟ್ಟೆ, ಕಾಗದ ಅಂತ ಕೈಯಲ್ಲಿ ಹಿಡಿದು ನೋಡುವವರು ಕೆಲವರು. ಬಲ, ಸಾಂದ್ರತೆ ಅಂತ ಅಂಕಿ ಹಿಡಿದು ಬರುವ ವಿದ್ಯಾರ್ಥಿಗಳು ಕೆಲವರು. ಮಾತಿನಲ್ಲೂ ಪತ್ರದಲ್ಲೂ ಇಬ್ಬರೂ ಕೇಳಿದ್ದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲಿನವು ಸುಲಭ, ಕೆಳಗಿಳಿದಂತೆ ಸ್ವಲ್ಪ ಬಿಗಿ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಬುಡದಿಂದ ಶುರು

ತೊಗಟೆ ಅಂದರೆ ಆ ಒರಟು ಸಿಪ್ಪೆ ತಾನೆ? ಅದರಲ್ಲಿ ನಾರು ಎಲ್ಲಿಂದ ಬರಬೇಕು?

ಕಣ್ಣಿಗೆ ಕಾಣುವ ಒರಟು ಭಾಗ ಹೊರತೊಗಟೆ. ಅದು ಸತ್ತ ಪದರ. ಮರಕ್ಕೆ ಅದು ಒಂದು ಕವಚ ಅಷ್ಟೆ. ನಾರು ಇರುವುದು ಅದರ ಒಳಗೆ, ಹಸಿಯಾಗಿ, ನುಣುಪಾಗಿ ಇರುವ ಒಳತೊಗಟೆಯಲ್ಲಿ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿನ ಕಡೆ ಹರಿಯುವುದು ಇದೇ ಪದರದಲ್ಲಿ. ಸಕ್ಕರೆ ಸಾಗಿಸುವ ಜೀವಕೋಶಗಳು ಬಲು ಮೆತ್ತಗೆ. ಅವುಗಳ ಪಕ್ಕದಲ್ಲೇ ಉದ್ದನೆಯ, ಎರಡೂ ತುದಿ ಚೂಪಾದ, ದಪ್ಪ ಗೋಡೆಯ ಕೋಶಗಳು ಕಟ್ಟುಕಟ್ಟಾಗಿ ನಿಂತಿರುತ್ತವೆ. ಆ ಕಟ್ಟುಗಳೇ ನಾರು.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನೀವು ಕೈಯಲ್ಲಿ ಹಿಡಿಯುವ ಒಂದು ‘ಎಳೆ’ ಒಂದು ಕೋಶ ಅಲ್ಲ. ಹತ್ತಾರು ಕೋಶಗಳು ಅಂಟಿಕೊಂಡ ಕಟ್ಟು ಅದು. ಈ ಮಾತು ಕೆಳಗೆ ಮತ್ತೆ ಮತ್ತೆ ಬೇಕಾಗುತ್ತದೆ.

ಬೆಂಡು ಅಥವಾ ಕಾರ್ಕ್ ಕೂಡ ತೊಗಟೆಯೇ ಅಲ್ವಾ? ಅದೂ ನಾರಾ?

ತೊಗಟೆ ಹೌದು, ನಾರಲ್ಲ. ಬಾಟಲಿಯ ಕಾರ್ಕ್ ಒಂದು ಜಾತಿಯ ಓಕ್ ಮರದ ಹೊರತೊಗಟೆ. ಅದರಲ್ಲಿ ಮೇಣದಂಥ ಸುಬೆರಿನ್ ಜಾಸ್ತಿ, ಸೆಲ್ಯುಲೋಸ್ ಕಡಿಮೆ. ಅದಕ್ಕೇ ನೀರು ಬಿಡುವುದಿಲ್ಲ, ಎಳೆದರೆ ಎಳೆಯಾಗಿ ಬರುವುದಿಲ್ಲ, ಪುಡಿಯಾಗುತ್ತದೆ.

ಸೆಲ್ಯುಲೋಸ್ ಸಕ್ಕರೆಯಿಂದ ಆದದ್ದು ಅಂತಾರೆ. ಹಾಗಾದರೆ ಮಳೆಗೆ ಯಾಕೆ ಕರಗಲ್ಲ?

ಗ್ಲೂಕೋಸ್ ಒಂದರ ಪಕ್ಕ ಒಂದು ಪೋಣಿಸಿಕೊಂಡು ಸಾವಿರಾರು ಮಣಿಗಳ ಸರವಾದರೆ ಅದೇ ಸೆಲ್ಯುಲೋಸ್. ಪಿಷ್ಟವೂ ಗ್ಲೂಕೋಸಿನ ಸರವೇ. ಆದರೆ ಪಿಷ್ಟದಲ್ಲಿ ಸರ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿ ಮಣಿ ಹಿಂದಿನದಕ್ಕೆ ತಿರುಗುಮುರುಗಾಗಿ ಸೇರುವುದರಿಂದ ಸರ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಸರಗಳು ಒಂದಕ್ಕೊಂದು ಒತ್ತಿ ಕೂತು, ಹೈಡ್ರೋಜನ್ ಬಂಧಗಳಿಂದ ಬಿಗಿಯಾಗುತ್ತವೆ. ನೀರಿಗೆ ಒಳಗೆ ನುಗ್ಗಲು ಜಾಗವೇ ಸಿಗುವುದಿಲ್ಲ. ಎಲ್ಲೆಲ್ಲಿ ಸರಗಳು ಅಸ್ತವ್ಯಸ್ತವಾಗಿವೆಯೋ ಅಲ್ಲಿ ಮಾತ್ರ ನೀರು ಸೇರುತ್ತದೆ.

ಈ ವಸ್ತುವನ್ನು ಗಿಡಗಳಿಂದ ಮೊದಲು ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್, 1838ರಲ್ಲಿ.

ಅಂದರೆ ನಾರು ಪೂರ್ತಿ ಸೆಲ್ಯುಲೋಸೇ?

ಅಲ್ಲ. ಹತ್ತಿ ಮಾತ್ರ ಹೆಚ್ಚುಕಡಿಮೆ ಹಾಗೆ. ತೊಗಟೆಯ ನಾರಿನಲ್ಲಿ ಇನ್ನೂ ಮೂರು ಮುಖ್ಯ ಪಾಲುದಾರರಿದ್ದಾರೆ. ಹೆಮಿಸೆಲ್ಯುಲೋಸ್ ಗಿಡ್ಡ, ಕವಲೊಡೆದ ಸರ. ನೀರು ಕುಡಿಯುವುದರಲ್ಲಿ ಇದೇ ಮುಂದು. ಲಿಗ್ನಿನ್ ಗಡಸು, ಕಂದು, ನೀರಿಗೆ ಅಷ್ಟಾಗಿ ಬಗ್ಗದ ವಸ್ತು. ಪೆಕ್ಟಿನ್ ಕೋಶಗಳ ನಡುವಿನ ಅಂಟು. ಜೊತೆಗೆ ಸ್ವಲ್ಪ ಮೇಣ, ಸ್ವಲ್ಪ ಬೂದಿಯ ಅಂಶ, ತೊಗಟೆಯದ್ದೇ ಆದ ಟ್ಯಾನಿನ್.

ಒಂದು ಉದಾಹರಣೆ. ಬಳ್ಳಾರಿ ಜಾಲಿಯ ತೊಗಟೆಯ ನಾರಿನ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ ಸೆಲ್ಯುಲೋಸ್ ಶೇ 61.65, ಲಿಗ್ನಿನ್ ಶೇ 17.11 ಅಂತ ಇದೆ. ಮರದ ತೊಗಟೆಗೆ ಇದು ಆಶ್ಚರ್ಯದ ಅಂಕಿ ಏನಲ್ಲ. ಅಗಸೆ ನಾರಿನಲ್ಲಿ ಲಿಗ್ನಿನ್ ಇದರ ಕಾಲು ಭಾಗವೂ ಇರುವುದಿಲ್ಲ. ಲಿನನ್ ಬಟ್ಟೆ ಮೈಗೆ ಹಿತವಾಗಿ, ಮರದ ನಾರು ಒರಟಾಗಿ ಇರುವುದಕ್ಕೆ ಮುಖ್ಯ ಕಾರಣ ಇದೇ.

ಎಲ್ಲ ಮರದಲ್ಲೂ ನಾರು ಸಿಗುತ್ತಾ?

ಒಳತೊಗಟೆ ಎಲ್ಲದರಲ್ಲೂ ಇದೆ, ಬಳಸುವಂಥ ನಾರು ಎಲ್ಲದರಲ್ಲೂ ಇಲ್ಲ. ಆಲ, ಅತ್ತಿ, ಹಿಪ್ಪುನೇರಳೆಯ ಬಳಗ, ದಾಸವಾಳದ ಬಳಗ, ಲಿಂಡೆನ್ ಮರ, ಬಾವೊಬಾಬ್, ಡ್ಯಾಫ್ನೆ ಜಾತಿಯ ಪೊದೆಗಳು ಒಳ್ಳೆಯ ನಾರಿಗೆ ಹೆಸರಾದವು. ಕೆಲವು ಮರಗಳಲ್ಲಿ ನಾರು ಬಿಡಿಬಿಡಿ ಚುಕ್ಕೆಗಳಂತೆ ಹರಡಿರುತ್ತದೆ, ಹಿಡಿಯಲು ಸಿಗುವುದಿಲ್ಲ.

ಜೋಡಣೆಯೂ ಮರದಿಂದ ಮರಕ್ಕೆ ಬೇರೆ. ಲಿಂಡೆನ್ ಮರದಲ್ಲಿ ಒಂದು ಪದರ ನಾರು, ಒಂದು ಪದರ ಮೆತ್ತಗಿನ ಕೋಶ, ಹೀಗೆ ಸರದಿ. ಕೊಳೆಹಾಕಿದರೆ ಪುಸ್ತಕದ ಹಾಳೆಗಳಂತೆ ಬಿಡಿಸಿಕೊಂಡು ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಒಳತೊಗಟೆಗೂ ಪುಸ್ತಕಕ್ಕೂ ‘ಲಿಬೆರ್’ ಅನ್ನುವ ಒಂದೇ ಪದ ಇತ್ತು. ನಾವು ಹೇಳುವ ಲೈಬ್ರರಿಯ ಬುಡ ಅಲ್ಲಿದೆ! ಕೆರಿಬಿಯನ್ ದ್ವೀಪಗಳ ಲೇಸ್‌ಬಾರ್ಕ್ ಮರದ ಕಥೆ ಇನ್ನೂ ಚೆನ್ನ. ಅದರ ಒಳತೊಗಟೆಯನ್ನು ಪದರ ಬಿಡಿಸಿ ಅಗಲಿಸಿದರೆ ಹೆಣೆದ ಬಲೆಯ ಹಾಗೆ ಅರಳುತ್ತದೆ. ಯಾರೂ ನೇಯ್ದದ್ದಲ್ಲ.

ಕಾಗದದ ಕಾರ್ಖಾನೆಯಲ್ಲಿ ಮರದ ನಾರೇ ಬಳಸೋದು. ಅದೂ ಇದೂ ಒಂದೇನಾ?

ಬೇರೆ ಬೇರೆ. ಕಾರ್ಖಾನೆಗಳು ಸಾಮಾನ್ಯವಾಗಿ ಬಳಸುವುದು ಕಟ್ಟಿಗೆಯ ನಾರು. ಅಗಲ ಎಲೆಯ ಮರಗಳಲ್ಲಿ ಅದರ ಉದ್ದ ಸುಮಾರು 1 ಮಿಲಿಮೀಟರ್, ಪೈನ್‌ನಂಥ ಸೂಜಿ ಎಲೆಯ ಮರಗಳಲ್ಲಿ ಸುಮಾರು 3. ಕಾಗದದ ಹಿಪ್ಪುನೇರಳೆಯ ತೊಗಟೆಯಲ್ಲಿ ಒಂದೊಂದು ಕೋಶವೇ ಸರಾಸರಿ 10 ಮಿಲಿಮೀಟರ್ ಹತ್ತಿರ ಇರುತ್ತದೆ. ಉದ್ದ ಹೆಚ್ಚಿದಷ್ಟೂ ಒಂದರ ಮೇಲೊಂದು ಬೀಳುವ ಜಾಗ ಹೆಚ್ಚು, ಹಿಡಿತ ಹೆಚ್ಚು. ಜಪಾನಿನ ವಾಶಿ ಕಾಗದ ಅಷ್ಟು ತೆಳ್ಳಗಿದ್ದೂ ಹರಿಯದಿರುವುದು ಇದರಿಂದಲೇ. ಹಳೆಯ ದಾಖಲೆ, ಚಿತ್ರಗಳನ್ನು ದುರಸ್ತಿ ಮಾಡುವವರು ಆ ಕಾಗದವನ್ನೇ ಹುಡುಕಿಕೊಂಡು ಹೋಗುತ್ತಾರೆ.

ಕಥೆಗಳಲ್ಲಿ ಬರುವ ನಾರುಮಡಿ ಇದೇನಾ? ಅದನ್ನು ನೇಯುತ್ತಿದ್ದರಾ?

ತೊಗಟೆಯ ಬಟ್ಟೆಯಲ್ಲಿ ಎರಡು ಬಗೆ. ಒಂದರಲ್ಲಿ ನಾರನ್ನು ಎಳೆಯಾಗಿ ಬಿಡಿಸಿ, ಹೊಸೆದು, ನೇಯುತ್ತಾರೆ. ಇನ್ನೊಂದರಲ್ಲಿ ನೂಲೂ ಇಲ್ಲ, ಮಗ್ಗವೂ ಇಲ್ಲ. ಒಳತೊಗಟೆಯನ್ನು ಹಾಳೆಯಾಗಿ ಸುಲಿದು, ಒದ್ದೆ ಇರುವಾಗಲೇ ಬಡಿದು ಬಡಿದು ಅಗಲ ಮಾಡುತ್ತಾರೆ. ಉಗಾಂಡಾದಲ್ಲಿ ಮುತುಬ ಎಂಬ ಅತ್ತಿ ಜಾತಿಯ ಮರದಿಂದ ಹೀಗೆ ಬಟ್ಟೆ ಮಾಡುತ್ತಾರೆ. ಯುನೆಸ್ಕೊ ಈ ಕಸುಬನ್ನು 2008ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪೆಸಿಫಿಕ್ ದ್ವೀಪಗಳ ತಾಪಾ ಕೂಡ ಬಡಿದು ಮಾಡಿದ್ದೇ. ಬಡಿದ ಬಟ್ಟೆಯಲ್ಲಿ ನಾರುಗಳು ಮರದಲ್ಲಿ ಇದ್ದ ದಿಕ್ಕಿನಲ್ಲೇ ಉಳಿಯುವುದು ಜಾಸ್ತಿ. ಅದಕ್ಕೇ ಉದ್ದಕ್ಕೆ ಎಳೆದರೆ ಗಟ್ಟಿ, ಅಡ್ಡಕ್ಕೆ ಎಳೆದರೆ ಬೇಗ ಹರಿಯುತ್ತದೆ.

ಇದು ಎಷ್ಟು ಹಳೆಯದು?

ನಮ್ಮ ಜಾತಿಯ ಮನುಷ್ಯರಷ್ಟೇ ಅಲ್ಲ, ಬೇರೆ ಜಾತಿಯ ಮನುಷ್ಯರೂ ಇದನ್ನು ಮಾಡುತ್ತಿದ್ದರು. ಫ್ರಾನ್ಸಿನ ಆಬ್ರಿ ದ್ಯು ಮರಾ ಎಂಬ ಬಂಡೆಯಾಸರೆಯಲ್ಲಿ ಒಂದು ಕಲ್ಲಿನ ಹತ್ಯಾರಕ್ಕೆ ಅಂಟಿದ್ದ ಚೂರು ಹುರಿ ಸಿಕ್ಕಿತು. ಉದ್ದ ಬರೀ 6 ಮಿಲಿಮೀಟರ್ ಚಿಲ್ಲರೆ. ಕಾಲ 41 ಸಾವಿರದಿಂದ 52 ಸಾವಿರ ವರ್ಷಗಳ ಹಿಂದೆ. ಹೊಸೆದವರು ನಿಯಾಂಡರ್ತಲ್ ಜನ. ಸೂಜಿ ಎಲೆಯ ಮರದ ಒಳತೊಗಟೆಯ ಮೂರು ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ತಿರುಚಿದ್ದರು. ಇವತ್ತೂ ಹುರಿ ಹೊಸೆಯುವುದು ಹಾಗೆಯೇ. ಈ ವಿಷಯ ಪ್ರಕಟವಾದದ್ದು 2020ರಲ್ಲಿ.

ಮರುವರ್ಷ ಇನ್ನೊಂದು ಸುದ್ದಿ ಬಂತು. ಟರ್ಕಿಯ ಚಾತಲ್‌ಹೊಯುಕ್‌ನಲ್ಲಿ ಸಿಕ್ಕಿದ್ದ, 8 ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಬಟ್ಟೆ ಉಣ್ಣೆಯೋ ಲಿನನ್ನೋ ಅಂತ ದಶಕಗಟ್ಟಲೆ ವಾದ ನಡೆದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಅಲ್ಲ, ಓಕ್ ಮರದ ತೊಗಟೆಯ ನಾರು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ, 5,300 ವರ್ಷ ಹಳೆಯ ‘ಹಿಮಮಾನವ’ನ ಶವದ ಜೊತೆಗಿದ್ದ ಬಾಕಿನ ಒರೆಯೂ ಲಿಂಡೆನ್ ನಾರಿನದ್ದೇ.

## ಬಿಡಿಸುವ ಕೆಲಸ

ತೊಗಟೆ ಸುಲಿದರೆ ಮರ ಸಾಯಲ್ವಾ?

ಸುತ್ತಲೂ ಉಂಗುರದ ಹಾಗೆ ಸುಲಿದರೆ ಹೆಚ್ಚಿನ ಮರಗಳು ಸಾಯುತ್ತವೆ. ಬೇರಿಗೆ ಹೋಗುವ ಸಕ್ಕರೆಯ ದಾರಿ ಕಡಿದು ಹೋಗುತ್ತದಲ್ಲ. ಒಂದು ಪಕ್ಕದಲ್ಲಿ ಉದ್ದದ ಪಟ್ಟಿ ಮಾತ್ರ ತೆಗೆದರೆ ಬದುಕುತ್ತವೆ, ಆದರೂ ಗಾಯ ಗಾಯವೇ. ಬಾವೊಬಾಬ್, ಮುತುಬ ಮರಗಳಲ್ಲಿ ತೊಗಟೆ ಮತ್ತೆ ಬೆಳೆಯುತ್ತದೆ. ಮುತುಬ ಮರ ಸುಲಿದ ಮೇಲೆ ಕಾಂಡಕ್ಕೆ ಬಾಳೆ ಎಲೆ ಸುತ್ತಿ ಒಣಗದಂತೆ ಕಾಯುತ್ತಾರೆ.

ನನ್ನ ಮಟ್ಟಿಗೆ ಒಳ್ಳೆಯ ದಾರಿ ಒಂದೇ. ನಿಂತ ಕಾಂಡಕ್ಕೆ ಕೈ ಹಾಕದೆ ಕೊಂಬೆ ಕಡಿದು ಸುಲಿಯುವುದು. ಕಾಗದದ ಹಿಪ್ಪುನೇರಳೆಯನ್ನು ವರ್ಷವರ್ಷ ಬುಡಕ್ಕೆ ಕಡಿಯುತ್ತಾರೆ, ಅದು ಮತ್ತೆ ಚಿಗುರುತ್ತದೆ. ಎಳೆಯ ಕೊಂಬೆಯ ನಾರು ಮೃದುವಾಗಿಯೂ ಇರುತ್ತದೆ.

ಯಾವ ಕಾಲದಲ್ಲಿ ಸುಲಿದರೆ ಸಲೀಸು?

ಮರ ಚುರುಕಾಗಿ ಬೆಳೆಯುವ ಕಾಲದಲ್ಲಿ. ಕಟ್ಟಿಗೆಗೂ ತೊಗಟೆಗೂ ನಡುವೆ ಹೊಸ ಕೋಶ ಹುಟ್ಟಿಸುವ ತೆಳು ಪದರ ಇದೆ. ಬೆಳವಣಿಗೆಯ ಕಾಲದಲ್ಲಿ ಅದು ರಸ ತುಂಬಿ ಮೆತ್ತಗಾಗಿ, ತೊಗಟೆ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತದೆ. ಒಣ ಅಥವಾ ಚಳಿಗಾಲದಲ್ಲಿ ಕಚ್ಚಿಕೊಂಡಿರುತ್ತದೆ. ಎಲೆ ಉದುರಿದ ಮೇಲೆ ಕಡಿಯುವ ಹಿಪ್ಪುನೇರಳೆ ಕೊಂಬೆಗಳನ್ನು ಹಬೆಯಲ್ಲಿ ಬೇಯಿಸಿಯೇ ಸುಲಿಯಬೇಕು.

ನೀರಿನಲ್ಲಿ ಕೊಳೆಹಾಕುವುದು ಯಾಕೆ? ಎಷ್ಟು ದಿನ ಇಡಬೇಕು?

ಕೊಳೆಯಬೇಕಾದದ್ದು ನಾರಲ್ಲ, ನಾರುಗಳ ನಡುವಿನ ಅಂಟು. ನೀರಿನ ಬ್ಯಾಕ್ಟೀರಿಯಾಗಳು ಮೊದಲು ಪೆಕ್ಟಿನ್ ಮತ್ತು ಮೆತ್ತಗಿನ ಕೋಶಗಳನ್ನು ತಿನ್ನುತ್ತವೆ. ಅಷ್ಟಕ್ಕೇ ನಿಲ್ಲಿಸಿದರೆ ಗೆದ್ದಿರಿ. ಬಿಟ್ಟರೆ ಅವು ಮುಂದುವರಿಯುತ್ತವೆ.

ದಿನದ ಲೆಕ್ಕ ಹೇಳಿದರೆ ಮೋಸ ಹೋಗುತ್ತೀರಿ. ಬೆಚ್ಚಗಿನ ನೀರಿನಲ್ಲಿ ಬೇಗ, ತಣ್ಣಗಿನದರಲ್ಲಿ ನಿಧಾನ. ಎಳೆಯ ಕೊಂಬೆಗೆ ಕಡಿಮೆ, ಬಲಿತ ತೊಗಟೆಗೆ ಹೆಚ್ಚು. ಲಿಂಡೆನ್ ತೊಗಟೆಗೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬೇಕು. ನಾನೊಮ್ಮೆ ಡ್ರಮ್ಮಿನಲ್ಲಿ ನೆನೆಹಾಕಿ, ಬೇರೆ ಕೆಲಸದಲ್ಲಿ ಮರೆತು, ಮೂರು ವಾರ ಬಿಟ್ಟು ಮುಚ್ಚಳ ತೆಗೆದೆ. ನಾತ ಹೇಳತೀರದು. ನಾರು ನೋಡಲು ಬೆಳ್ಳಗೆ, ಚೆಂದವಾಗಿತ್ತು. ಎಳೆದರೆ ಒದ್ದೆ ಕಾಗದದ ಹಾಗೆ ತುಂಡಾಯಿತು. ಅವತ್ತಿನಿಂದ ದಿನಾ ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಲೋಳೆ ಜಾರಿ, ಪದರಗಳು ತಾವಾಗಿಯೇ ಬಿಡಿಸಿಕೊಂಡರೆ ತೆಗೆಯುವ ಹೊತ್ತು.

ನೆನೆಹಾಕದೆ ಕುದಿಸಿ ತೆಗೆಯಬಹುದಾ?

ಬಹುದು. ಬೂದಿ ನೀರಿನಲ್ಲೋ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲೋ ಕುದಿಸಿದರೆ ಕೆಲವೇ ಗಂಟೆಗಳಲ್ಲಿ ಅಂಟು ಬಿಡುತ್ತದೆ. ಕಾಗದಕ್ಕೆ ಇದೇ ಸರಿ, ಯಾಕೆಂದರೆ ಅಲ್ಲಿ ಬಿಡಿ ಕೋಶಗಳೇ ಬೇಕು. ಹಗ್ಗಕ್ಕೆ ಬೇಕಾದದ್ದು ಉದ್ದನೆಯ ಕಟ್ಟು. ಜಾಸ್ತಿ ಕುದಿಸಿದರೆ ಕಟ್ಟೇ ಬಿಚ್ಚಿಹೋಗುತ್ತದೆ.

ಕಾಸ್ಟಿಕ್ ಸೋಡಾ ಬಳಸುವುದಾದರೆ ಸೋಡಾವನ್ನು ನೀರಿಗೆ ಹಾಕಿ, ನೀರನ್ನು ಸೋಡಾದ ಮೇಲೆ ಸುರಿಯಬೇಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ. ಅದನ್ನು ಸೋಡಾ ತಿಂದು, ಉರಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ.

## ನಾರಿನ ಗುಣಗಳು

ತೊಗಟೆ ನಾರು ಉಕ್ಕಿಗಿಂತ ಗಟ್ಟಿ ಅಂತ ಓದಿದೆ. ನಿಜವೇ?

ಅರ್ಧ ನಿಜ. ಹೋಲಿಸುವುದು ಏನನ್ನು ಎಂದು ಮೊದಲು ಕೇಳಬೇಕು. ಸೆಲ್ಯುಲೋಸಿನ ಶುದ್ಧ ಸ್ಫಟಿಕದ ಬಿಗಿತ, ಅಂದರೆ ಎಳೆದರೆ ಸುಲಭಕ್ಕೆ ಹಿಗ್ಗದ ಗುಣ, ಸುಮಾರು 138 ಗಿಗಾಪಾಸ್ಕಲ್, ಉಕ್ಕಿನದ್ದು ಸುಮಾರು 200. ಹಾಗೆ ನೋಡಿದರೆ ಉಕ್ಕು ಮೇಲು. ಆದರೆ ಸೆಲ್ಯುಲೋಸ್ ಸ್ಫಟಿಕದ ಸಾಂದ್ರತೆ ಘನ ಸೆಂಟಿಮೀಟರಿಗೆ 1.6 ಗ್ರಾಂ, ಉಕ್ಕಿನದ್ದು 7.8. ಒಂದೇ ತೂಕಕ್ಕೆ ಲೆಕ್ಕ ಹಾಕಿದರೆ ಸ್ಫಟಿಕ ಮೂರು ಪಟ್ಟಿಗೂ ಮುಂದೆ.

ಕೈಯಲ್ಲಿರುವ ನಾರು ಆ ಸ್ಫಟಿಕವಲ್ಲ. ಅದರಲ್ಲಿ ಲಿಗ್ನಿನ್ ಇದೆ, ಟೊಳ್ಳು ಇದೆ, ಸುಲಿಯುವಾಗ ಬಿದ್ದ ಮಡಿಕೆ ಇದೆ. ತೊಗಟೆಯ ನಾರುಗಳ ಬಲ ಸಾಮಾನ್ಯವಾಗಿ ಕೆಲವು ನೂರು ಮೆಗಾಪಾಸ್ಕಲ್ ಮಟ್ಟದಲ್ಲಿರುತ್ತದೆ. ಗಾಜಿನ ನಾರು 2,000 ಮೆಗಾಪಾಸ್ಕಲ್ ದಾಟುತ್ತದೆ. ಬಲದಲ್ಲಿ ಗಾಜನ್ನು ಮೀರಿಸುತ್ತೇವೆ ಅನ್ನುವವರ ಮಾತು ನಂಬಬೇಡಿ. ಹಗುರದಲ್ಲಿ ಮಾತ್ರ ನಾರು ನಿಜಕ್ಕೂ ಗೆಲ್ಲುತ್ತದೆ. ಗಾಜಿನ ಸಾಂದ್ರತೆ 2.5, ಸೆಲ್ಯುಲೋಸ್ ನಾರಿನದ್ದು ಹೆಚ್ಚೆಂದರೆ 1.5ರ ಆಸುಪಾಸು.

ಒಂದೇ ಮರದ ನಾರಿಗೆ ಒಬ್ಬರು ಬಲ 300 ಮೆಗಾಪಾಸ್ಕಲ್ ಅಂತಾರೆ, ಇನ್ನೊಬ್ಬರು 900 ಅಂತಾರೆ. ಯಾರನ್ನು ನಂಬಲಿ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಇಬ್ಬರೂ ಸರಿ ಇರಬಹುದು. ಇಬ್ಬರೂ ತಪ್ಪಿರಲೂಬಹುದು.

ಬಲ ಅಂದರೆ ಎಳೆದ ಭಾರವನ್ನು ನಾರಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು. ಭಾರವನ್ನು ಯಂತ್ರ ಸರಿಯಾಗಿ ಅಳೆಯುತ್ತದೆ. ತಕರಾರು ಇರುವುದು ವಿಸ್ತೀರ್ಣದಲ್ಲಿ. ಎಳೆ ದುಂಡಗಿದೆ ಅಂತ ಭಾವಿಸಿ, ಮೇಲಿನಿಂದ ಅಗಲ ನೋಡಿ, ವೃತ್ತದ ಸೂತ್ರ ಹಾಕುವುದು ರೂಢಿ. ತೊಗಟೆಯ ನಾರು ದುಂಡಗಿರುವುದೇ ಅಪರೂಪ, ಅದು ಪಟ್ಟಿ. ಅಗಲ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), ದಪ್ಪ 100 ಮೈಕ್ರಾನ್ ಇರುವ ಚಪ್ಪಟೆ ಅಂಡಾಕಾರದ ಎಳೆಯನ್ನು ತಗೊಳ್ಳಿ. ಅದನ್ನು 200 ಮೈಕ್ರಾನಿನ ವೃತ್ತ ಅಂದುಕೊಂಡರೆ ವಿಸ್ತೀರ್ಣ ನಿಜಕ್ಕಿಂತ ಎರಡು ಪಟ್ಟಾಗುತ್ತದೆ, ಬಲ ಅರ್ಧವಾಗಿ ಕಾಣುತ್ತದೆ. ಅದೇ ಎಳೆ ಮಗ್ಗುಲು ತಿರುಗಿ ಕೂತು 100 ಅಂತ ಕಂಡರೆ ಬಲ ಎರಡು ಪಟ್ಟು! ನಾರು ಬದಲಾಗಲಿಲ್ಲ, ಲೆಕ್ಕ ನಾಲ್ಕು ಪಟ್ಟು ಬದಲಾಯಿತು.

ಎರಡನೆಯದು ಎಳೆಯ ಉದ್ದ. ಸರಪಳಿ ಹರಿಯುವುದು ಅದರ ಬಡಕಲು ಕೊಂಡಿಯಲ್ಲಿ. 10 ಮಿಲಿಮೀಟರ್ ತುಂಡಿಗಿಂತ 50 ಮಿಲಿಮೀಟರ್ ತುಂಡಿನಲ್ಲಿ ಬಡಕಲು ಜಾಗ ಸಿಗುವ ಸಂಭವ ಜಾಸ್ತಿ. ಹಾಗಾಗಿ ಉದ್ದ ಹೆಚ್ಚಿದಂತೆ ಬಲ ಇಳಿಯುತ್ತದೆ. ಉದ್ದ ಬರೆಯದ ಬಲದ ಅಂಕಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಮೇಲೆ ಮರದ ವಯಸ್ಸು, ಬುಡದ ನಾರೋ ತುದಿಯದೋ, ಕೊಳೆಹಾಕಿದ್ದು ಎಷ್ಟು ದಿನ, ಅವತ್ತು ಗಾಳಿಯಲ್ಲಿ ತೇವ ಎಷ್ಟಿತ್ತು, ಇವೆಲ್ಲ ಇವೆ. ಹತ್ತು ಎಳೆ ಎಳೆದು ಸರಾಸರಿ ಬರೆಯುವುದು ಸಾಲದು. ಐವತ್ತು ಎಳೆದು, ಸರಾಸರಿಯ ಜೊತೆಗೆ ಹರಡನ್ನೂ ಬರೆಯಿರಿ.

ಸಾಂದ್ರತೆ 0.6 ಅಂತ ಬಂತು. ಸೆಲ್ಯುಲೋಸಿನದ್ದು 1.5 ಅಲ್ವಾ? ನಾನು ಎಲ್ಲಿ ತಪ್ಪಿದೆ?

ತಪ್ಪಿರಬೇಕೆಂದಿಲ್ಲ. 1.5 ಅನ್ನುವುದು ಕೋಶದ ಗೋಡೆಯ ಸಾಂದ್ರತೆ. ನಾರಿನ ಒಳಗೆ ಟೊಳ್ಳು ಇದೆ, ಕೋಶಗಳ ನಡುವೆ ಸಂದುಗಳಿವೆ. ಅಲ್ಲೆಲ್ಲ ಗಾಳಿ. ಅಳೆಯಲು ಬಳಸಿದ ದ್ರವ ಆ ಸಂದುಗಳಿಗೆ ಇಳಿಯದಿದ್ದರೆ ಗಾಳಿಯೂ ಲೆಕ್ಕಕ್ಕೆ ಸೇರಿ ಅಂಕಿ ಕೆಳಗೆ ಬರುತ್ತದೆ. ಬಳ್ಳಾರಿ ಜಾಲಿಯ ಅದೇ ಅಧ್ಯಯನದಲ್ಲೂ ಘನ ಮೀಟರಿಗೆ 580 ಕಿಲೋ, ಅಂದರೆ ನಿಮ್ಮ ಲೆಕ್ಕದಲ್ಲಿ 0.58, ಅಂತಿದೆ. ನಾರು ಹಗುರ ಅನ್ನುವುದಕ್ಕೆ ಈ ಅಂಕಿ ಸರಿ. ಆದರೆ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು ಪ್ಲಾಸ್ಟಿಕ್) ಜೊತೆ ಸೇರಿಸುವಾಗ ರೆಸಿನ್ ಸಂದುಗಳಿಗೆ ಇಳಿಯಬಹುದು, ಆಗ ಈ ಲೆಕ್ಕ ಕೈಕೊಡುತ್ತದೆ.

ತೆಂಗಿನ ನಾರು ರಬ್ಬರಿನ ಹಾಗೆ ಹಿಗ್ಗುತ್ತೆ, ತೊಗಟೆಯ ನಾರು ಟಕ್ ಅಂತ ತುಂಡಾಗುತ್ತೆ. ಎರಡೂ ಸೆಲ್ಯುಲೋಸೇ ತಾನೆ?

ಸೆಲ್ಯುಲೋಸಿನ ಸಣ್ಣ ಎಳೆಗಳು ಕೋಶದ ಗೋಡೆಯಲ್ಲಿ ನೆಟ್ಟಗೆ ನಿಂತಿರುವುದಿಲ್ಲ, ಕಂಬಕ್ಕೆ ಸುತ್ತಿದ ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಆ ಸುತ್ತಿನ ಓರೆಯೇ ಇದರ ಗುಟ್ಟು. ತೆಂಗಿನ ನಾರಿನಲ್ಲಿ ಅದು 30ರಿಂದ 45 ಡಿಗ್ರಿಯಷ್ಟು. ಎಳೆದರೆ ಮೊದಲು ಸುರುಳಿ ಬಿಚ್ಚಿಕೊಳ್ಳುತ್ತದೆ, ನಾರು ಶೇ 15ಕ್ಕೂ ಮೀರಿ ಹಿಗ್ಗುತ್ತದೆ. ಅಗಸೆ, ಸೆಣಬಿನಲ್ಲಿ ಓರೆ ಸುಮಾರು 10 ಡಿಗ್ರಿ ಅಥವಾ ಅದಕ್ಕೂ ಕಡಿಮೆ. ಬಿಚ್ಚಿಕೊಳ್ಳಲು ಸುರುಳಿಯೇ ಇಲ್ಲ. ಭಾರ ನೇರ ಸರಗಳ ಮೇಲೆ ಬೀಳುತ್ತದೆ, ಶೇ 2-3 ಹಿಗ್ಗಿ ಹರಿಯುತ್ತದೆ. ತೊಗಟೆಯ ನಾರುಗಳು ಸಾಮಾನ್ಯವಾಗಿ ಈ ಎರಡನೆಯ ಗುಂಪಿನವು. ಏಟು ತಡೆಯಲು ತೆಂಗಿನ ನಾರು ಮೇಲು, ಬಗ್ಗದೆ ನಿಲ್ಲಲು ತೊಗಟೆಯದ್ದು.

ಒದ್ದೆಯಾದರೆ ಬಲ ಕಡಿಮೆ ಆಗುತ್ತಾ?

ಹತ್ತಿ ಮತ್ತು ಅಗಸೆ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತವೆ. ತೇವದಿಂದ ಒಳಗಿನ ಸರಗಳು ಸ್ವಲ್ಪ ಸಡಿಲವಾಗಿ, ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಮರದ ನಾರಿನ ಕಟ್ಟಿನಲ್ಲಿ ಈ ಮಾತು ಪೂರ್ತಿ ನಡೆಯುವುದಿಲ್ಲ. ಕೋಶ ಗಟ್ಟಿಯಾದರೂ ಕೋಶಗಳ ನಡುವಿನ ಅಂಟು ಮೆತ್ತಗಾಗುತ್ತದೆ, ಒಂದರಿಂದ ಒಂದು ಜಾರಬಹುದು. ಅಂಟು ಎಷ್ಟು ಉಳಿಸಿದ್ದೀರಿ ಅನ್ನುವುದರ ಮೇಲೆ ಇದು ನಿಂತಿದೆ.

ನೀರಿಗೆ ನಾರು ದಪ್ಪಗಾಗುತ್ತದೆ, ಉದ್ದವಾಗುವುದು ತೀರ ಕಡಿಮೆ. ಹೊಸೆದ ಹಗ್ಗ ಒದ್ದೆಯಾದಾಗ ಬಿಗಿಯುವುದು ಇದಕ್ಕೇ. ಎಳೆಗಳು ಊದಿ, ಸುತ್ತು ದಪ್ಪವಾಗಿ, ಹಗ್ಗ ಗಿಡ್ಡವಾಗುತ್ತದೆ.

ಸುಮ್ನೆ ಗಾಳಿಯಲ್ಲಿಟ್ಟರೂ ನಾರು ತೇವ ಹೀರುತ್ತದೆ. ವ್ಯಾಪಾರದ ಲೆಕ್ಕದಲ್ಲಿ ಹತ್ತಿಗೆ ಶೇ 8.5, ಅಗಸೆಗೆ ಶೇ 12, ಸೆಣಬಿಗೆ ಶೇ 13.75 ತೇವ ಒಪ್ಪಿತ. ಹೆಮಿಸೆಲ್ಯುಲೋಸ್ ಹೆಚ್ಚಿದ್ದಷ್ಟೂ ಈ ಅಂಕಿ ಮೇಲೆ.

ರೇಯಾನ್ ಕೂಡ ಮರದ್ದೇ. ಹಾಗಾದರೆ ಅದೂ ನೈಸರ್ಗಿಕ ನಾರಾ?

ವಸ್ತು ಮರದ್ದು, ನಾರು ಮನುಷ್ಯ ಮಾಡಿದ್ದು. ಸೆಲ್ಯುಲೋಸನ್ನು ರಾಸಾಯನಿಕವಾಗಿ ಕರಗಿಸಿ, ಸಣ್ಣ ತೂತಿನಿಂದ ಹಿಂಡಿ, ಮತ್ತೆ ಗಟ್ಟಿ ಮಾಡುತ್ತಾರೆ. ಸರಗಳ ಜೋಡಣೆಯೇ ಬದಲಾಗುತ್ತದೆ. ಸಾಮಾನ್ಯ ರೇಯಾನ್ ಒದ್ದೆಯಾದಾಗ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ.

ಎಷ್ಟು ಬಿಸಿ ತಡೆಯುತ್ತದೆ?

ಸೆಲ್ಯುಲೋಸ್ ಕರಗುವುದಿಲ್ಲ, ಸುಡುತ್ತದೆ. 100 ಡಿಗ್ರಿಯ ಆಸುಪಾಸಿನಲ್ಲಿ ತೇವ ಹೋಗುತ್ತದೆ. ಸುಮಾರು 220 ಡಿಗ್ರಿಯಿಂದ ಹೆಮಿಸೆಲ್ಯುಲೋಸ್ ಒಡೆಯಲು ಶುರು. ಸೆಲ್ಯುಲೋಸ್ ಹೆಚ್ಚಾಗಿ 315ರಿಂದ 400ರ ನಡುವೆ. ಲಿಗ್ನಿನ್ ಮಾತ್ರ ಬೇಗ ಶುರುವಾಗಿ ಬಲು ನಿಧಾನವಾಗಿ, 800 ಡಿಗ್ರಿಯ ಆಚೆಗೂ ಸುಡುತ್ತ ಹೋಗುತ್ತದೆ. ಕೆಲಸಕ್ಕೆ ನೆನಪಿಡಬೇಕಾದ ಅಂಕಿ 200. ಅದನ್ನು ದಾಟಿ ಜಾಸ್ತಿ ಹೊತ್ತು ಇಟ್ಟರೆ ನಾರು ಕಂದಿ, ಬಲ ಇಳಿಯುತ್ತದೆ. ಪ್ಲಾಸ್ಟಿಕ್ ಜೊತೆ ಬೆರೆಸುವುದಾದರೆ, 165 ಡಿಗ್ರಿಗೆ ಕರಗುವ ಪಾಲಿಪ್ರೊಪಿಲೀನ್ ಜೊತೆ ಇದು ಹೊಂದುತ್ತದೆ. 250 ದಾಟಬೇಕಾದ ಪಾಲಿಯೆಸ್ಟರ್ ಜೊತೆ ಹೊಂದುವುದಿಲ್ಲ.

ಬಿಸಿಲಿಗೆ ಹಳದಿ ಆಗುವುದು, ಬೂಷ್ಟು ಹಿಡಿಯುವುದು ತಪ್ಪಿಸೋದು ಹೇಗೆ?

ಹಳದಿಗೆ ಕಾರಣ ಲಿಗ್ನಿನ್. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆದು ಬಣ್ಣ ತರುತ್ತದೆ. ಹಳೆ ಪತ್ರಿಕೆ ಹಳದಿಯಾಗುವುದೂ ಹೀಗೆಯೇ. ಬೂಷ್ಟಿಗೆ ಬೇಕಾದದ್ದು ತೇವ. ಚೆನ್ನಾಗಿ ಒಣಗಿಸಿ, ಗಾಳಿಯಾಡುವಂತೆ ಇಟ್ಟರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಜನ ಮಾಡುವ ದೊಡ್ಡ ತಪ್ಪು.

## ಲ್ಯಾಬಿನ ಪ್ರಶ್ನೆಗಳು

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸುವ ಪರೀಕ್ಷೆ) ಸ್ಫಟಿಕಾಂಶ ಶೇ 46 ಬಂತು. ಅಂದರೆ ಅರ್ಧಕ್ಕಿಂತ ಕಡಿಮೆ ಸೆಲ್ಯುಲೋಸ್ ಇದೆ ಅಂತಲೇ?

ಅಲ್ಲ. ಹೆಚ್ಚಿನವರು ಬಳಸುವುದು 1959ರ ಸೀಗಲ್ ವಿಧಾನ. 22.5 ಡಿಗ್ರಿ ಹತ್ತಿರದ ದೊಡ್ಡ ಶಿಖರದ ಎತ್ತರದಿಂದ 18 ಡಿಗ್ರಿ ಹತ್ತಿರದ ತಗ್ಗಿನ ಎತ್ತರ ಕಳೆದು, ಶಿಖರದ ಎತ್ತರದಿಂದ ಭಾಗಿಸುವುದು. ಇದು ಬರೀ ಎರಡು ಎತ್ತರಗಳ ಹೋಲಿಕೆ. ಲಿಗ್ನಿನ್, ಹೆಮಿಸೆಲ್ಯುಲೋಸ್ ಕೂಡ ಆ ತಗ್ಗನ್ನು ಮೇಲೆತ್ತುತ್ತವೆ. ಒಂದೇ ನಾರನ್ನು ಸೋಡಾಕ್ಕೆ ಹಾಕುವ ಮೊದಲು ಮತ್ತು ನಂತರ ಹೋಲಿಸಲು ಇದು ಸಾಕು. ಬೇರೆ ಬೇರೆ ಲ್ಯಾಬಿನ, ಬೇರೆ ಮರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಅಂತ ಹೇಳಲು ಸಾಲದು.

ಎಫ್‌ಟಿಐಆರ್‌ನಲ್ಲಿ (ಅವಕೆಂಪು ಬೆಳಕಿನ ಪರೀಕ್ಷೆ) ಸೋಡಾಕ್ಕೆ ಹಾಕಿದ ಮೇಲೆ 1735ರ ಶಿಖರ ಮಾಯವಾಯಿತು. ಹೆಮಿಸೆಲ್ಯುಲೋಸ್ ಪೂರ್ತಿ ಹೋಯಿತು ಅಂತ ಬರೆಯಬಹುದಾ?

ಬಹಳ ಜನ ಬರೆಯುತ್ತಾರೆ. ನಾನಾಗಿದ್ದರೆ ಬರೆಯುವುದಿಲ್ಲ. ಆ ಶಿಖರ ಬರುವುದು ಹೆಮಿಸೆಲ್ಯುಲೋಸಿಗೆ ಅಂಟಿದ ಅಸಿಟೈಲ್‌ನಂಥ ಎಸ್ಟರ್ ಗುಂಪುಗಳಿಂದ. ಕ್ಷಾರ ಮೊದಲು ಕತ್ತರಿಸುವುದು ಅವನ್ನೇ. ಗುಂಪು ಉದುರಿದರೂ ಮೂಲ ಸರ ನಾರಿನಲ್ಲೇ ಉಳಿದಿರಬಹುದು. ರಾಸಾಯನಿಕ ವಿಶ್ಲೇಷಣೆ ಮಾಡಿ ತೂಕದಲ್ಲಿ ತೋರಿಸಿ, ಆಮೇಲೆ ಬರೆಯಿರಿ. ಲಿಗ್ನಿನ್ ನೋಡಬೇಕಿದ್ದರೆ 1510ರ ಆಸುಪಾಸಿಗೆ ಕಣ್ಣು ಹಾಕಿ.

ರೆಸಿನ್ ಹಿಡಿಯುವಂತೆ ನಾರನ್ನು ತೊಳೆಯಲು ಶೇ 5ರ ಕಾಸ್ಟಿಕ್ ಸೋಡಾ ಒಳ್ಳೆಯದು ಅಂತಾರೆ. ಶೇ 15 ಹಾಕಿದರೆ ಇನ್ನೂ ಒಳ್ಳೆಯದಾಗಲ್ವಾ?

ಬೇರೆಯದೇ ಕೆಲಸವಾಗುತ್ತದೆ. ಶೇ 5ರ ಸುತ್ತ ಸೋಡಾ ಮೇಲಿನ ಮೇಣ, ಪೆಕ್ಟಿನ್, ಹೆಮಿಸೆಲ್ಯುಲೋಸನ್ನು ತೊಳೆದು ಮೈಯನ್ನು ಒರಟು ಮಾಡುತ್ತದೆ. ರೆಸಿನ್ ಹಿಡಿಯಲು ಅದು ಸಾಕು. ಶೇ 10 ದಾಟಿ ಮೇಲೇರಿದಂತೆ ಕ್ಷಾರ ಸ್ಫಟಿಕದೊಳಗೇ ನುಗ್ಗಿ, ನಾರು ಊದಿ, ಸೆಲ್ಯುಲೋಸ್ ಒಂದನೆಯ ರೂಪದಿಂದ ಎರಡನೆಯ ರೂಪಕ್ಕೆ ಬದಲಾಗತೊಡಗುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದದ್ದು ಹತ್ತಿಗೆ ಇಂಥ ಗಾಢ ಸೋಡಾ ಕೊಡುವ ವಿಧಾನಕ್ಕೆ. ಮರ್ಸರೈಸ್ ಅನ್ನುವ ಪದ ಬಂದದ್ದು ಅವರ ಹೆಸರಿನಿಂದ. ಹತ್ತಿಗೆ ಅದು ಒಳ್ಳೆಯದೇ. ತೊಗಟೆಯ ನಾರಿನಲ್ಲಿ ಮಾತ್ರ ಕಟ್ಟನ್ನು ಹಿಡಿದಿದ್ದ ಅಂಟೂ ಜೊತೆಗೆ ಹೋಗಿ, ಎಳೆ ಬಿಡಿಬಿಡಿಯಾಗುತ್ತದೆ. ಅದಕ್ಕೇ ಬಲದ ಗೆರೆ ಮೊದಲು ಏರಿ ಆಮೇಲೆ ಇಳಿಯುವುದು.

ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದೆ. ಮುರಿದು ನೋಡಿದರೆ ನಾರು ಕಡ್ಡಿಯ ಹಾಗೆ ಕಿತ್ತು ಬಂದಿದೆ. ಯಾಕೆ?

ನಾರಿಗೆ ನೀರು ಇಷ್ಟ, ಪಾಲಿಪ್ರೊಪಿಲೀನಿಗೆ ನೀರು ಆಗದು. ಎರಡೂ ಕೈ ಹಿಡಿಯುವುದಿಲ್ಲ. ಮೊದಲು ನಾರನ್ನು ಚೆನ್ನಾಗಿ ಒಣಗಿಸಿ. ಒಳಗಿನ ತೇವ ಬಿಸಿಗೆ ಹಬೆಯಾಗಿ ಗುಳ್ಳೆ ಬಿಡುತ್ತದೆ. ಆಮೇಲೆ ಮೇಲಿಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಪ್ರೊಪಿಲೀನ್ ಸ್ವಲ್ಪ ಸೇರಿಸಿ. ಅದರ ಒಂದು ತುದಿ ನಾರನ್ನು ಹಿಡಿಯುತ್ತದೆ, ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಸೇರಿಕೊಳ್ಳುತ್ತದೆ. ಎಪಾಕ್ಸಿ ಎಂಬ ರೆಸಿನ್ ಆದರೆ ಸೈಲೇನ್ ಎಂಬ ಬೆಸೆಯುವ ರಾಸಾಯನಿಕದ ಲೇಪನ ರೂಢಿ. ಹಾಗಂತ ಎಲ್ಲ ನಾರೂ ಬಿಗಿಯಾಗಿ ಕಚ್ಚಿಕೊಂಡರೂ ಕಷ್ಟ. ಕಿತ್ತು ಬರುವಾಗ ಏಟಿನ ಶಕ್ತಿ ಸ್ವಲ್ಪ ಖರ್ಚಾಗುತ್ತದೆ. ಅದೂ ಇಲ್ಲದಿದ್ದರೆ ವಸ್ತು ಗಾಜಿನಂತೆ ಫಟ್ ಅಂತ ಒಡೆಯಬಹುದು.

ಯಾರೂ ನೋಡದ ಒಂದು ಮರದ ನಾರು ಸಿಕ್ಕಿದೆ. ಪರೀಕ್ಷೆ ಯಾವುದರಿಂದ ಶುರು ಮಾಡಲಿ?

ಯಂತ್ರದಿಂದ ಬೇಡ. ಮೊದಲು ಮರದ ಹೆಸರನ್ನು ಸಸ್ಯಶಾಸ್ತ್ರ ಬಲ್ಲವರಿಂದ ಖಚಿತ ಮಾಡಿಕೊಳ್ಳಿ. ಕೆಲವು ಮರಗಳ ಹಾಲು ವಿಷ. ತೊಗಟೆಯನ್ನು ಚೀಲದ ಹಾಗೆ ಇಡಿಯಾಗಿ ಸುಲಿಯುವ ಆಂಟಿಯಾರಿಸ್ ಟಾಕ್ಸಿಕೇರಿಯ ಮರದ ಹಾಲನ್ನು ಬಾಣಕ್ಕೆ ವಿಷವಾಗಿ ಹಚ್ಚುತ್ತಿದ್ದರು. ಆಮೇಲೆ ಮರದ ವಯಸ್ಸು, ಕಾಂಡವೋ ಕೊಂಬೆಯೋ, ಸುಲಿದ ದಿನ, ನೆನೆಹಾಕಿದ ದಿನಗಳು, ನೀರಿನ ಬಿಸಿ, ಎಲ್ಲ ಬರೆದಿಡಿ. ಒಂದು ಎಳೆಯನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕೋಶ ಎಷ್ಟು, ಟೊಳ್ಳು ಎಷ್ಟು, ಆಕಾರ ದುಂಡೋ ಚಪ್ಪಟೆಯೋ ಗೊತ್ತಾಗಲಿ. ಕೊಯ್ತದ ಆ ಚಿತ್ರ ಕೈಯಲ್ಲಿದ್ದರೆ ಆಮೇಲೆ ಎಳೆದು ಬಂದ ಬಲದ ಅಂಕಿಗೆ ಅರ್ಥ ಇರುತ್ತದೆ. ಎಳೆಯುವ ಮುಂಚೆ ನಾರನ್ನು ಶೇ 65 ತೇವದ ಕೋಣೆಯಲ್ಲಿ ಒಂದು ದಿನವಾದರೂ ಇಡಿ.